ಎರಡನೇ ಭಾಗಕ್ಕೆ ಬೇಕಾದ ಬಾಯಿ

ಕುಲಶೇಖರದಲ್ಲಿ ನಮ್ಮ ಮನೆಯ ಎದುರಿನದು ಬಾಗಿಯಕ್ಕನ ಮನೆ. ನಡುವೆ ಒಂದು ಸಪೂರ ಮಾರ್ಗ. ಎರಡು ರಿಕ್ಷಾ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು. ಯಾವುದು ಹೋಗಬೇಕೆಂದು ಮೂವತ್ತು ವರ್ಷ ತೀರ್ಪು ಕೊಟ್ಟವರು ಬಾಗಿಯಕ್ಕ, ಅದೂ ಜಗಲಿಯಿಂದ ಏಳದೆ, ಮಡಿಲಲ್ಲಿ ಬೀಡಿಯ ತಡಪೆ, ಅಂದರೆ ಮೊರ, ಇಟ್ಟುಕೊಂಡೇ. "ಹಾರ್ನ್ ಹಾಕಿದ್ರೆ ಮಾರ್ಗ ಅಗಲ ಆಗುವುದಿಲ್ಲ ಮಾರಾಯ" ಎಂಬ ಅವರ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ಸಿನೆಮಾ ಥಿಯೇಟರಿನಲ್ಲಿ ಅದನ್ನು ಕೇಳಿ ಶಿಳ್ಳೆ ಹೊಡೆದವರೆಲ್ಲ ನನ್ನ ನಂತರ ಬಂದವರು. ಇದನ್ನು ಸ್ವಲ್ಪ ಕೊಬ್ಬಿನಿಂದಲೇ ಹೇಳುತ್ತಿದ್ದೇನೆ, ಕ್ಷಮಿಸಿ.

ನಾನು ಗ್ರೆಗರಿ. ಕದ್ರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬಾಡಿಗೆ ಕರಾರು, ಬಯೋಡೇಟಾ, ತುಳು ನಾಟಕ, ಯಾರು ಏನು ತಂದರೂ ಟೈಪ್ ಮಾಡಿ ಕೊಡುತ್ತೇನೆ. ಬಾಗಿಯಕ್ಕ ನನ್ನನ್ನು 'ಪೊರ್ಬುಳೇ' ಎಂದು ಕರೆಯುತ್ತಾರೆ. ನಮ್ಮ ಕಡೆ ತುಳುವರು ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಆ ಮರ್ಯಾದೆಗೆ ನಾನು ಎಷ್ಟು ಯೋಗ್ಯ ಎಂಬುದನ್ನು ಇದನ್ನು ಓದಿದವರು ತೀರ್ಮಾನಿಸಲಿ.

ಹನ್ನೊಂದನೇ ವಯಸ್ಸಿಗೆ ಬೀಡಿ ಕಟ್ಟಲು ಕೂತವರು ಬಾಗಿಯಕ್ಕ. ತಾಯಿ ತೀರಿಹೋದಾಗ ಅವರಿಗೆ ಹತ್ತೊಂಬತ್ತು, ತಮ್ಮ ಲೋಕಯ್ಯನಿಗೆ ಒಂಬತ್ತು. ಮದುವೆಯಾದರು, ನಾಲ್ಕೇ ವರ್ಷದಲ್ಲಿ ಗಂಡ ತುಕ್ರ ಕಾಮಾಲೆಯಲ್ಲಿ ಹೋದ. ಮಕ್ಕಳಿರಲಿಲ್ಲ. ತಮ್ಮನಿದ್ದ ತವರಿಗೆ ವಾಪಸು ಬಂದು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಅವನನ್ನು ಪಿಯುಸಿವರೆಗೆ ಓದಿಸಿದರು. ಲೋಕಯ್ಯ ಪೇಟೆಯ ಇಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಹಗಲು ಸ್ವಿಚ್ಚು, ವಯರು. ಸಂಜೆಯಾದರೆ ನಾಟಕ. ಆ ಹುಚ್ಚಿನಲ್ಲಿ ಮದುವೆಯ ವಯಸ್ಸು ದಾಟಿದ್ದೇ ಅವನಿಗೆ ತಿಳಿಯಲಿಲ್ಲ. ಅಕ್ಕ ತಮ್ಮ ಇಬ್ಬರೇ ಆ ಮನೆಯಲ್ಲಿ, ದಿನವಿಡೀ ಮಾತು.

ತುಳು ನಾಟಕ ಕಟ್ಟುವ ರೀತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಕತೆ ಮಾತ್ರ ಮೊದಲೇ ಗಟ್ಟಿ. ಮಾತು ಸ್ಟೇಜಿನಲ್ಲೇ ಹುಟ್ಟಬೇಕು. ಇವತ್ತು ಶಾಲೆಯ ಅಂಗಳದಲ್ಲಿ ನಕ್ಕ ಜಾಗ ನಾಳೆ ಉಳಿಯುತ್ತದೆ, ಕೆಮ್ಮಿದ ಜಾಗ ಹೋಗುತ್ತದೆ. ಲೋಕಯ್ಯ ಸೀರೆ ಉಟ್ಟು 'ವಾರಿಜಕ್ಕ' ಎಂಬ ಬೀಡಿ ಕಟ್ಟುವ ಹೆಂಗಸಿನ ಪಾತ್ರ ಮಾಡುತ್ತಿದ್ದ. ಸೀರೆಯೂ ಅಕ್ಕನದು, ನಡಿಗೆಯೂ ಅಕ್ಕನದು, ಬೈಗುಳವಂತೂ ಪೂರ್ತಿ ಅಕ್ಕನದು. ನಾಟಕದ ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು, ಜನ ಎಲ್ಲಿ ನಕ್ಕರು, ಎಲ್ಲಿ ನಗಲಿಲ್ಲ ಎಂದು ವರದಿ ಒಪ್ಪಿಸುತ್ತಿದ್ದ. ಬಾಗಿಯಕ್ಕ ತಲೆ ಎತ್ತದೆ ತಿದ್ದುತ್ತಿದ್ದರು. ಅಲ್ಲಿ ಅಷ್ಟು ಮಾತು ಬೇಡ, ನಾನಾದರೆ ಸುಮ್ಮನೆ ಕೊಡೆ ತೆಗೆದುಕೊಂಡು ಎದ್ದುಬಿಡುತ್ತೇನೆ ಎನ್ನುತ್ತಿದ್ದರು. ಮುಂದಿನ ನಾಟಕದಲ್ಲಿ ವಾರಿಜಕ್ಕ ಕೊಡೆ ತೆಗೆದುಕೊಂಡು ಎದ್ದರೆ ಚಪ್ಪಾಳೆ ನಿಲ್ಲುತ್ತಿರಲಿಲ್ಲ. ಹೀಗೆ ಒಂಬತ್ತು ವರ್ಷ ನಡೆಯಿತು. ಅವರು ಖುದ್ದು ನಾಟಕಕ್ಕೆ ಬಂದು ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದರು. ನಗುವವರೆಲ್ಲ ಒಂದಲ್ಲ ಒಂದು ದಿನ ಅವರಿಂದ ಬೈಸಿಕೊಂಡವರೇ ಆಗಿದ್ದರಿಂದ ಲೆಕ್ಕ ಸಮ ಇತ್ತು, ಯಾರಿಗೂ ನೋವಿರಲಿಲ್ಲ.

ಆಮೇಲೆ ರೂಪೇಶ್ ಬಂದ. ದುಬಾಯಿಯಲ್ಲಿ ಹತ್ತು ವರ್ಷ ಇದ್ದು ಬಂದ ಹುಡುಗ, ಸಿನೆಮಾ ಮಾಡುವ ಆಸೆ. ನಾಟಕ ನೋಡಿ, ಇದನ್ನೇ ಸಿನೆಮಾ ಮಾಡುವ, ವಾರಿಜಕ್ಕ ನೀನೇ ಎಂದು ಲೋಕಯ್ಯನನ್ನು ಹಿಡಿದುಕೊಂಡ. ಲೋಕಯ್ಯ ನನ್ನ ಅಂಗಡಿಯಲ್ಲಿ ಕೂತು ನಾಲ್ಕೇ ದಿನದಲ್ಲಿ ಇಡೀ ಕತೆಯನ್ನು ನಿಲ್ಲದೆ ಹೇಳಿದ, ನಾನು ಟೈಪ್ ಮಾಡಿದೆ. ಬಾಗಿಯಕ್ಕನ ಒಪ್ಪಿಗೆ ಕೇಳಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ನಾಟಕಕ್ಕೆ ಆದದ್ದು ಸಿನೆಮಾಕ್ಕೂ ಆಗುತ್ತದಲ್ಲ ಎಂದುಕೊಂಡೆವು. ಜನವರಿಯಲ್ಲಿ ಸರಿಯಾಗಿ ಪೋಸ್ಟರ್ ಕೂಡ ಇಲ್ಲದೆ ಬಿಡುಗಡೆಯಾಯಿತು. ಮೂರನೇ ದಿನ ಹೌಸ್‌ಫುಲ್. ಬೆಂಗಳೂರು, ಮುಂಬಯಿ, ಗಲ್ಫ್ ಎಲ್ಲ ಕಡೆ ಓಡಿತು. ನೂರನೇ ದಿನದ ಸಮಾರಂಭದಲ್ಲಿ ರೂಪೇಶ್ ಮೈಕ್ ಹಿಡಿದು, ಡಿಸೆಂಬರಿನಲ್ಲಿ ಎರಡನೇ ಭಾಗ ಬರುತ್ತದೆ ಎಂದು ಘೋಷಿಸಿಯೇ ಬಿಟ್ಟ. ಪಕ್ಕದಲ್ಲಿ ನಿಂತಿದ್ದ ಲೋಕಯ್ಯನಿಗೆ ವಿಷಯ ತಿಳಿದದ್ದೂ ಆಗಲೇ.

ಹಠಾತ್ತನೆ ಗೆದ್ದ ಸಿನೆಮಾದ ಬೆನ್ನಿಗೇ ಇನ್ನೊಂದನ್ನು ಅವಸರದಲ್ಲಿ ಮಾಡಬೇಕೇ ಎಂದು ಆಗ ನನ್ನ ಅಂಗಡಿಯಲ್ಲಿ ದಿನಾ ಚರ್ಚೆ. ರೂಪೇಶನ ಮಾತೂ ಪೂರ್ತಿ ಸುಳ್ಳಲ್ಲ. ಜನ ಇವತ್ತು ಹೊತ್ತು ಕುಣಿಸಿದ್ದನ್ನು ಮುಂದಿನ ವರ್ಷ ಮರೆಯುತ್ತಾರೆ, ಬಿಸಿ ಇರುವಾಗಲೇ ಬಡಿಸಬೇಕು, ನೂರು ಜನರಿಗೆ ಕೆಲಸ ಸಿಗುತ್ತದೆ ಎಂದು ಅವನ ವಾದ. ಆದರೆ ಒಂಬತ್ತು ವರ್ಷದಲ್ಲಿ ಆದದ್ದನ್ನು ಎರಡು ತಿಂಗಳಲ್ಲಿ ಬರೆದುಕೊಡು ಎಂದರೆ ಅದು ಎಲ್ಲಿಂದ ಬರಬೇಕು? ತಾನಾಗಿ ಬರುವುದಿಲ್ಲ. ಯಾರಿಂದಲಾದರೂ ಕಿತ್ತುಕೊಳ್ಳಬೇಕು. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ಅಷ್ಟು ಹೊತ್ತಿಗೆ ಬಾಗಿಯಕ್ಕನ ಬದುಕು ಬೇರೆಯೇ ಆಗಿತ್ತು. ಗುರುತಿಲ್ಲದ ಹುಡುಗ ಹುಡುಗಿಯರು ಬೈಕಿನಲ್ಲಿ ಬಂದು, ಒರಿಜಿನಲ್ ವಾರಿಜಕ್ಕನ ಮನೆ ಯಾವುದು ಎಂದು ಕೇಳಿ, ಜಗಲಿಯ ಮುಂದೆ ಮೊಬೈಲ್ ಹಿಡಿದು ನಿಲ್ಲುತ್ತಿದ್ದರು. ಒಂದು ಡೈಲಾಗ್ ಹೇಳಿ ಅಂತ ಪೀಡಿಸುತ್ತಿದ್ದರು. ಕಟ್ಟಿದ ಬೀಡಿಯನ್ನು ಒಪ್ಪಿಸುವ ಕಂಪೆನಿಯ ಬ್ರಾಂಚಿನಲ್ಲಿ ಚೆಕ್ಕರ್ ಒಮ್ಮೆ ಅವರ ಎರಡು ಕಟ್ಟು ಬೀಡಿಯನ್ನು ಸರಿಯಿಲ್ಲವೆಂದು ಬದಿಗೆ ಎಸೆದ. ಬಾಗಿಯಕ್ಕ ಎಂದಿನಂತೆ, ಬೀಡಿಯನ್ನು ಇಷ್ಟು ತಿರುಗಿಸಿ ನೋಡುವುದು ಹೆಣ್ಣು ನೋಡಲಿಕ್ಕೆ ಬಂದದ್ದಾ ಎಂದು ದಬಾಯಿಸಿದರು. ಮೊದಲಾದರೆ ಅವನು ತಲೆ ತಗ್ಗಿಸಿ ವಾಪಸು ತೆಗೆದುಕೊಳ್ಳುತ್ತಿದ್ದ. ಈಗ ಹೊಟ್ಟೆ ಹಿಡಿದು ನಕ್ಕ, ಇನ್ನೊಮ್ಮೆ ಹೇಳಿಸಿ ವಿಡಿಯೋ ಮಾಡಿಕೊಂಡ. ಬೀಡಿ ಬದಿಯಲ್ಲೇ ಉಳಿಯಿತು.

ಜೂನ್‌ನಲ್ಲಿ ನಮ್ಮ ಮನೆಯಲ್ಲೇ ಇದ್ದ ನನ್ನ ಅತ್ತೆ ತೀರಿಕೊಂಡರು. ಬಾಗಿಯಕ್ಕ ಬಂದು ನನ್ನ ಹೆಂಡತಿ ರೊಸಾಲಿನ್‌ಳ ಕೈ ಹಿಡಿದು, ಹೊಟ್ಟೆ ತುಂಬ ಉಂಡು ಹೋದರಾ ಎಂದು ಕೇಳಿದರು. ಯಾವ ಸಾವಿನ ಮನೆಯಲ್ಲೂ ಅವರು ಮೊದಲು ಕೇಳುವುದು ಅದನ್ನೇ. ಹಸಿದು ಬೆಳೆದವರ ಪ್ರಶ್ನೆ ಅದು. ಸಿನೆಮಾದಲ್ಲಿ ಅದಕ್ಕೂ ನಗು ಬಂದಿತ್ತು. ಶವಪೆಟ್ಟಿಗೆಯ ಹತ್ತಿರ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ತುಟಿಯೂ ಅಲುಗಿತು. ಬಾಗಿಯಕ್ಕ ಅದನ್ನು ನೋಡಿದರು. ಕೈ ಬಿಟ್ಟು, ಸೆರಗು ಸರಿಮಾಡಿಕೊಂಡು, ಮಾರ್ಗ ದಾಟಿ ಮನೆಯೊಳಗೆ ಹೋದರು.

ಅವತ್ತಿನಿಂದ ಅವರ ಮಾತು ನಿಂತಿತು. ಹೌದು, ಇಲ್ಲ, ಆಯ್ತು. ಅಷ್ಟೇ. ರಿಕ್ಷಾಗಳು ಎದುರುಬದುರಾಗಿ ಕಾಲು ಗಂಟೆ ಹಾರ್ನ್ ಹಾಕಿದರೂ ಜಗಲಿಯಿಂದ ಸದ್ದಿಲ್ಲ. 

ಲೋಕಯ್ಯನನ್ನು ರೂಪೇಶ್ ದೇರೆಬೈಲಿನ ತನ್ನ ಖಾಲಿ ಫ್ಲ್ಯಾಟಿನಲ್ಲಿ ಕೂರಿಸಿದ್ದ. ನಾಲ್ಕನೇ ಮಾಳಿಗೆ, ಎಸಿ, ಮೇಜಿನ ಮೇಲೆ ಬಿಳಿ ಕಾಗದ, ದಿನಕ್ಕೆ ಮೂರು ಸಲ ಫೋನ್ ಮಾಡಿ ಎಷ್ಟು ಸೀನ್ ಆಯಿತು ಎಂದು ಕೇಳುವ ರೂಪೇಶ್. ಇಲೆಕ್ಟ್ರಿಕಲ್ ಅಂಗಡಿಯ ಕೆಲಸ ಆಗಲೇ ಬಿಟ್ಟಾಗಿತ್ತು. ಆ ಫ್ಲ್ಯಾಟಿಗೆ ಹೊರಗಿನಿಂದ ಬೀಗ ಹಾಕಿರಲಿಲ್ಲ, ಆದರೆ ಹೊರಗೆ ಬಂದರೆ ಎಲ್ಲಿಗೆ ಹೋಗುವುದು? ಕೆಳಗಿಳಿದರೆ ಗೋಡೆಗೋಡೆಯಲ್ಲಿ ಸೀರೆಯುಟ್ಟ ಅವನದೇ ಪೋಸ್ಟರ್, ಅಡಿಯಲ್ಲಿ ಬಿಡುಗಡೆಯ ತಾರೀಖು. ಒಂದು ತಿಂಗಳಲ್ಲಿ ಅವನು ಬರೆದದ್ದು ಎರಡು ಸೀನ್, ಎರಡೂ ಹರಿದದ್ದು. ಅಕ್ಕ ಮಾತಾಡದೆ ತನಗೆ ಒಂದು ಗೆರೆಯೂ ಬರುವುದಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡ.

ಹಾಗಾಗಿ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕುಲಶೇಖರಕ್ಕೆ ಬಂದು ಜಗಲಿಯಲ್ಲಿ ಕೂರಲು ಶುರುಮಾಡಿದ. ಬೇಕೆಂದೇ ತಪ್ಪು ಮಾತಾಡಿ ಅವರನ್ನು ಕೆಣಕಿ ನೋಡಿದ. ಬಾಗಿಯಕ್ಕ ಎಲೆ ಕತ್ತರಿಸುತ್ತ, ಆಯ್ತು, ಎಂದರು. ಒಂದು ಆದಿತ್ಯವಾರ ರೂಪೇಶನೂ ಜೊತೆಗೆ ಬಂದ. ನಾನೂ ಇದ್ದೆ. ಕೆಳಗೆ ಬಿದ್ದ ಕತ್ತರಿಯನ್ನು ಎತ್ತಿಕೊಡಲು ಲೋಕಯ್ಯ ಬಗ್ಗಿದಾಗ ಅಂಗಿಯ ಜೇಬಿನಲ್ಲಿದ್ದ ಮೊಬೈಲ್ ಹೊಗೆಸೊಪ್ಪಿನ ತಡಪೆಗೆ ಬಿತ್ತು. ಪರದೆಯ ಮೇಲೆ ನಿಮಿಷ, ಸೆಕೆಂಡು ಓಡುತ್ತಿತ್ತು. ಎಲ್ಲ ರೆಕಾರ್ಡ್ ಆಗುತ್ತಿತ್ತು. ಬಾಗಿಯಕ್ಕ ಅದನ್ನು ಎತ್ತಿ, ಪುಡಿ ಒರೆಸಿ, ನೋಡಿದರು. ಎರಡು ತಿಂಗಳ ಮೇಲೆ ಅವರ ಬಾಯಿ ತೆರೆಯಿತು.

"ಲೋಕು, ಒಂಬತ್ತು ವರ್ಷ ನೀನು ಕೇಳಿದೆ, ನಾನು ಕೊಟ್ಟೆ. ಈಗ ಕದಿಯುವುದು ಎಂತಕ್ಕೆ? ಬ್ರಾಂಚಿನಲ್ಲಿ ಬೈದರೆ ನಗ್ತಾರೆ. ಸತ್ತ ಮನೆಯಲ್ಲಿ ದುಃಖ ಹೇಳಿದರೆ ನಗ್ತಾರೆ. ನಾಳೆ ನನಗೆ ಎದೆನೋವು ಬಂದು ಬೊಬ್ಬೆ ಹೊಡೆದರೂ ಈ ಮಾರ್ಗದವರು ಮೊಬೈಲ್ ಹಿಡಿದುಕೊಂಡು ಬರ್ತಾರೆ. ನನಗೆ ಗದ್ದೆ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಬಾಯಿ ಒಂದೇ. ಅದನ್ನು ನೀನು ಟಿಕೆಟಿಗೆ ಮಾರಿದೆ. ಆಯ್ತು, ನೀನು ನನ್ನ ತಮ್ಮ. ಎರಡನೇ ಸಲ ಮಾರ್ಲಿಕ್ಕೆ ನನ್ನ ಹತ್ರ ಎಂತ ಉಂಟು?"

ಲೋಕಯ್ಯ ಅಕ್ಕನ ಕಾಲು ಹಿಡಿದು ಅತ್ತ. ನಾಟಕದ ಅಳು ಅಲ್ಲ, ಅದು ನನಗೆ ಗೊತ್ತು. ರೆಕಾರ್ಡ್ ಅಳಿಸುತ್ತೇನೆ ಎಂದು ಮಾತು ಕೊಟ್ಟ.  ರೂಪೇಶನ ಕಣ್ಣು ಆ ಮೊಬೈಲಿನ ಮೇಲೆಯೇ ಇತ್ತು, ಸೆಕೆಂಡು ಇನ್ನೂ ಓಡುತ್ತಿತ್ತು.

ಹದಿನೈದು ದಿನದಲ್ಲಿ ಸ್ಕ್ರಿಪ್ಟ್ ಬಂತು. ಈ ಸಲ ಲೋಕಯ್ಯ ಅಂಗಡಿಗೆ ಬರಲಿಲ್ಲ, ವಾರಿಜಕ್ಕನ ಸ್ವರದಲ್ಲಿ ತಾನೇ ಹೇಳಿ ವಾಟ್ಸಪ್ಪಿನಲ್ಲಿ ಕಳಿಸಿದ. ನಾನು ಇಯರ್‌ಫೋನ್ ಹಾಕಿಕೊಂಡು ಟೈಪ್ ಮಾಡುತ್ತ ಹೋದೆ. ನಮ್ಮ ಕೆಲಸದಲ್ಲಿ ಕೈ ಮುಂದೆ ಓಡುತ್ತದೆ, ತಲೆ ಹಿಂದಿನಿಂದ ಬರುತ್ತದೆ. 'ಗದ್ದೆ ಇಲ್ಲ, ಮಕ್ಕಳಿಲ್ಲ' ಎಂದು ಹೊಡೆದ ಮೇಲೆ ನನ್ನ ಕೈ ನಿಂತಿತು. ಒಂದಕ್ಷರವೂ ಬದಲಾಗಿರಲಿಲ್ಲ. ಕೂಡಲೇ ಫೋನ್ ಮಾಡಿ ಲೋಕಯ್ಯನಿಗೆ ಬಾಯಿಗೆ ಬಂದಂತೆ ಬೈದೆ.

ಅವನು ತಡೆಯದೆ ಕೇಳಿಸಿಕೊಂಡ. ಉಳಿದದ್ದೆಲ್ಲ ಹೊಟ್ಟು, ಸಿನೆಮಾ ಎಂದರೆ ಇದೇ ಎಂದು ರೂಪೇಶ್ ಹೇಳಿದನಂತೆ. ಥಿಯೇಟರ್ ಬುಕ್ಕಾಗಿದೆ, ಇದನ್ನು ತೆಗೆದರೆ ಕೈಯಲ್ಲಿ ಏನೂ ಇಲ್ಲ. ಆಮೇಲೆ ಸ್ವರ ತಗ್ಗಿಸಿ ಹೇಳಿದ, "ಗ್ರೆಗರಿ, ಇದು ತಮಾಷೆಯ ಸೀನ್ ಅಲ್ಲ. ಜನ ಇದನ್ನು ಕೇಳಿದ ಮೇಲೆ ಅಕ್ಕನನ್ನು ನೋಡಿ ನಗುವುದು ನಿಲ್ಲಿಸ್ತಾರೆ. ಅಕ್ಕನಿಗೆ ನಾನು ಮಾಡಬಹುದಾದದ್ದು ಇಷ್ಟೇ."

ನಾನು ನಂಬಿದೆ. ನಂಬಲು ನನಗೂ ಅನುಕೂಲವಿತ್ತು. ಇಯರ್‌ಫೋನ್ ಮತ್ತೆ ಹಾಕಿಕೊಂಡು ಕೊನೆಯವರೆಗೆ ಟೈಪ್ ಮಾಡಿದೆ. ಇಪ್ಪತ್ತು ವರ್ಷ ನಾಟಕದವರ ಜೊತೆ ಇದ್ದವನು ನಾನು, ಈ ಸೀನನ್ನು ಒಂದೇ ಒಂದು ಸಲ ಯಾವುದಾದರೂ ಶಾಲೆಯ ಅಂಗಳದಲ್ಲಿ ಆಡಿ ನೋಡು ಎಂದು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆಡಿ ನೋಡಲು ದಿನವೂ ಉಳಿದಿರಲಿಲ್ಲ.

ಡಿಸೆಂಬರಿನಲ್ಲಿ ಸಿನೆಮಾ ಬಂತು. ಅದು ಮೂರು ವಾರ ಓಡಿ ನಿಂತದ್ದು, ಅವಸರ ಮಾಡಿ ಹಾಳು ಮಾಡಿದರು ಎಂದು ಜನ ಹೇಳಿದ್ದು ಎಲ್ಲ ಆಮೇಲಿನ ವಿಷಯ. ಮೊದಲ ದಿನ ಹನ್ನೊಂದು ಗಂಟೆಯ ಆಟಕ್ಕೆ ಬರಬೇಕೆಂದು ಲೋಕಯ್ಯ ಅಕ್ಕನನ್ನು ಬೇಡಿಕೊಂಡಿದ್ದ. ನೀನು ಅವತ್ತು ಹೇಳಿದ್ದನ್ನು ಹಾಗೆಯೇ ಜನರಿಗೆ ಹೇಳಿದ್ದೇನೆ, ಇನ್ನು ಯಾರೂ ನಗುವುದಿಲ್ಲ, ಬಂದು ಕಣ್ಣಾರೆ ನೋಡು ಎಂದಿದ್ದ. ಬಾಗಿಯಕ್ಕ ಮಾರ್ಗ ದಾಟಿ ನಮ್ಮ ಮನೆಗೆ ಬಂದರು. ಅತ್ತೆ ತೀರಿದ ದಿನದ ನಂತರ ಅವರು ಬಂದದ್ದು ಆಗಲೇ.

"ಪೊರ್ಬುಳೇ, ಟೈಪ್ ಮಾಡಿದ್ದು ನೀವಲ್ಲವಾ? ನಾನು ಹೋಗಬಹುದಾ?"

ಹೋಗಬಹುದು ಎಂದೆ.

ಥಿಯೇಟರ್ ತುಂಬಿತ್ತು. ನಡುವಿನ ಸಾಲಿನಲ್ಲಿ ರೊಸಾಲಿನ್ ಮತ್ತು ನನ್ನ ಮಧ್ಯೆ ಬಾಗಿಯಕ್ಕ ಕೂತರು, ಒಳ್ಳೆಯ ಸೀರೆ ಉಟ್ಟು, ಮಡಿಲಲ್ಲಿ ಎರಡು ಕೈ ಕಟ್ಟಿಕೊಂಡು. ಆ ಸೀನ್ ಬಂತು. ಪರದೆಯ ಮೇಲೆ ಲೋಕಯ್ಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ. ಅಷ್ಟಕ್ಕೇ ಜನ ನಗಲು ಶುರು. ಅವನು ನಿಜವಾಗಿ ಅಳುತ್ತಿದ್ದ, ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಆ ಮುಖ ಆ ಸೀರೆಯಲ್ಲಿ ಅಳುವುದನ್ನು ಜನ ಹಿಂದೆ ಕಂಡಿರಲಿಲ್ಲ, ಹಾಗಾಗಿ ಇನ್ನೂ ಜೋರಾಗಿ ನಕ್ಕರು. ಗದ್ದೆ ಇಲ್ಲ ಎಂದಾಗ ನಗು. ಮಕ್ಕಳಿಲ್ಲ ಎಂದಾಗ ಶಿಳ್ಳೆ. ಎದೆನೋವಿಗೆ ಚಪ್ಪಾಳೆ.

ಬಾಗಿಯಕ್ಕ ಎದ್ದು ನಿಂತರು. ನಾನು ಕೈ ಹಿಡಿದೆ, ಬಿಡಿಸಿಕೊಂಡರು. "ಇದು ನಗುವ ಮಾತಲ್ಲ" ಎಂದರು, ಜಗಲಿಯಿಂದ ರಿಕ್ಷಾದವರಿಗೆ ಹೇಳುವ ಅದೇ ಸ್ವರದಲ್ಲಿ.

ಹತ್ತಿರದ ಸಾಲಿನವರು ತಿರುಗಿ ನೋಡಿದರು. ಆಮೇಲೆ ಯಾರೋ ಒರಿಜಿನಲ್ ಬಂದಿದ್ದಾರೆ ಎಂದು ಕೂಗಿದರು. ಇಡೀ ಥಿಯೇಟರ್ ತಿರುಗಿತು. ಮೊಬೈಲಿನ ಬೆಳಕು ಒಂದೊಂದಾಗಿ ಅವರ ಮುಖದ ಮೇಲೆ ಬಿತ್ತು. ಸಿನೆಮಾದವರೇ ಪ್ರಚಾರಕ್ಕೆ ಮಾಡಿಸಿದ್ದು ಎಂದುಕೊಂಡ ಜನ ಎದ್ದು ನಿಂತು ಕುಣಿದರು. ಬಾಗಿಲ ಹತ್ತಿರ ಜನರ ನಗು ಅಳೆಯುತ್ತ ನಿಂತಿದ್ದ ಲೋಕಯ್ಯ ಓಡಿ ಬಂದ. ನಗಬೇಡಿ, ಅವಳು ನನ್ನ ಅಕ್ಕ, ದಮ್ಮಯ್ಯ ನಗಬೇಡಿ ಎಂದು ಕೈ ಮುಗಿದ. ಅವನ ಗಂಟಲು ಒಡೆದು ಹೊರಗೆ ಬಂದದ್ದು ವಾರಿಜಕ್ಕನ ಸ್ವರ. ಅಷ್ಟು ವರ್ಷ ಆಡಿದ್ದರಿಂದ, ದುಃಖದಲ್ಲಿ ಅವನಿಗೆ ಬೇರೆ ಸ್ವರವೇ ಉಳಿದಿರಲಿಲ್ಲ. ಶಿಳ್ಳೆಯಿಂದ ಕಿವಿ ಗಡಚಿಕ್ಕಿತು.

ಬಾಗಿಯಕ್ಕ ತಮ್ಮನನ್ನೇ ನೋಡಿದರು. ಅವರ ಮುಖದಲ್ಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಆ ಹುಡುಗನನ್ನು ಹೇಗೆ ನೋಡಿದ್ದರೋ ಹಾಗೆಯೇ ನೋಡಿ, ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಬಿಡು ಲೋಕು" ಎಂದರು. "ನಿನ್ನ ಬಾಯಿಯೂ ಹೋಯ್ತು."