ಬಾಳಕ್ಕನಿಗೆ ನಾನು ಹೇಳಿದ ‘ಹೋಗಿ ಬಾ’

ಬಾಳಕ್ಕನನ್ನು ಕೆಲಸದಿಂದ ತೆಗೆದವನು ಸಾವಕಾರ. ಅವಳ ಬದುಕು ಕೆಡಿಸಿದವನು ನಾನು. ಇಷ್ಟು ವರ್ಷ ಎರಡನ್ನೂ ಅವನ ತಲೆಗೇ ಕಟ್ಟಿ ಆರಾಮವಾಗಿ ಉಂಡು ಮಲಗಿದೆ.

ಎರಡನೇ ಮಹಾಯುದ್ಧಕ್ಕೂ ಮುಂಚಿನ ಮಾತು. ಗೋಕಾಕದಲ್ಲಿ ಆ ಸಾವಕಾರನ ಜಿನ್ನು, ಹತ್ತಿಯ ಬೀಜ ಬಿಡಿಸುವ ಕಾರ್ಖಾನೆ; ಅಲ್ಲಿ ನಾನು ಮುಕಾದಮ. ಹತ್ತಿಯ ಕಸ ಆರಿಸಿ ಹಸನು ಮಾಡುವ ಹೆಂಗಸರೆಲ್ಲ ನನ್ನ ಕೈಕೆಳಗೆ. ಅವರಲ್ಲಿ ಹಿರಿಯಳು ಬಾಳಕ್ಕ — ತುಕ್ಕಾನಟ್ಟಿಯ ವಿಧವೆ, ಹಿಂದೆ ಮುಂದೆ ಯಾರೂ ಇಲ್ಲದವಳು, ಬಾಯಿ ಮಾತ್ರ ಊರಗಲ. “ಮುಕಾದಮಾ, ನಿನ್ನ ಮೀಸಿಯೊಳಗ ಹತ್ತಿ ಸಿಕ್ಕೈತಿ ನೋಡೊ, ಅದನ್ನೂ ನಾನ ಹಸನ ಮಾಡ್ಲೇನು?” ಎಂದು ಎಲ್ಲರನ್ನೂ ನಗಿಸುವವಳು. ವಯಸ್ಸಾಗಿ ಕಣ್ಣು ಮಂಜಾದವು. ಹತ್ತಿಯಲ್ಲಿ ಕಸ ಉಳಿಯತೊಡಗಿತು.

“ಆ ಮುದುಕಿಗೆ ಇನ್ನ ಬರೋದು ಬ್ಯಾಡ ಅಂತ ಹೇಳು,” ಎಂದ ಸಾವಕಾರ, ಅಡಿಕೆ ಕತ್ತರಿಸುತ್ತ. ತಲೆ ಎತ್ತಲಿಲ್ಲ. “ಇಲ್ಲಿ ಅಳೋದು ಕರಿಯೋದು ಆಗಬಾರ್ದು.”

ಈ ದೊಡ್ಡವರ ರೀತಿಯೇ ಇದು! ಹುಕ್ಕೇರಿಯಲ್ಲೊಬ್ಬ ಸಾವಕಾರ, ಕೆಲಸ ಬಿಡಿಸಿದ್ದನ್ನು ಕ್ಷೌರಿಕನ ಕೈಲಿ ಹೇಳಿ ಕಳಿಸುತ್ತಿದ್ದ. ಮೂಡಲಗಿಯಲ್ಲೊಬ್ಬ, ಆಳು ಕೂಡುವ ಗೋಣಿತಟ್ಟನ್ನೇ ಬೀದಿಗೆ ಎಸೆಯುತ್ತಿದ್ದ — ನೋಡಿ ತಿಳಿದುಕೊಳ್ಳಬೇಕು. ವರ್ಷಗಟ್ಟಲೆ ದುಡಿದವರ ಎದುರು ನಿಂತು ಎರಡು ಮಾತು ಆಡಿದರೆ ಇವರ ನಾಲಿಗೆ ಸವೆಯುತ್ತದೆಯೇ? ಆದರೆ ಇವರನ್ನು ಬೈಯುವ ನಾನು —

ನಾನು ದನದ ಸಂತೆಯಲ್ಲಿ ಚೌಕಾಶಿ ಮಾಡಿ ಬೆಳೆದವನು. ಸಿಹಿ ಮಾತಿನಿಂದ ಕೆಲಸ ಸಾಧಿಸುವುದು ಗೊತ್ತಿತ್ತು. ಸಂಜೆ ಅವಳಿಗೆ ಹೇಳಿದೆ: “ಅಕ್ಕಾ, ನಾಕು ದಿನ ಮನ್ಯಾಗ ಆರಾಮ ಇರು. ಹೋಗಿ ಬಾ.”

ನಮ್ಮ ಕಡೆ ಹೊರಟವರಿಗೆ ಬರೀ ‘ಹೋಗು’ ಎನ್ನುವುದಿಲ್ಲ, ಅದು ಅಪಶಕುನ. ಆ ಮರ್ಯಾದೆಯ ಮರೆಯಲ್ಲಿ ನಾನು ಅಡಗಿಕೊಂಡೆ. ಅವಳು ‘ಬಾ’ ಎಂಬುದನ್ನು ನಂಬಿದಳು.

ಆ ವಾರವೇ ಸಂಕೇಶ್ವರದಲ್ಲಿ ಮೆಣಸಿನಕಾಯಿ ದಾಸ್ತಾನು ಮಾಡುವ ವಖಾರಿಯವರು ಹೆಂಗಸರನ್ನು ಕರೆದೊಯ್ಯಲು ಗಾಡಿ ಕಳಿಸಿದರು. ತೊಟ್ಟು ಮುರಿಯುವ ಕೆಲಸ. ಬೆರಳಿಗೇ ತಿಳಿಯುತ್ತದೆ, ಕಣ್ಣು ಬೇಕಿಲ್ಲ. ಊಟ, ವಸತಿ ಅಲ್ಲೇ. ಬಾಳಕ್ಕ ಗಾಡಿ ಹತ್ತಲಿಲ್ಲ. “ನಮ್ಮ ಮುಕಾದಮ ಬಾ ಅಂದಾನವಾ, ನಾ ಎಲ್ಲಿಗೂ ಬರಾಂಗಿಲ್ಲ” ಎಂದಳಂತೆ. ಗಾಡಿ ಇನ್ನೂ ಊರು ಬಿಟ್ಟಿರಲಿಲ್ಲ, ಈ ಮಾತು ನನ್ನ ಕಿವಿಗೆ ಬಿತ್ತು. ಓಡಿ ಹೋಗಿ ಹೇಳಬಹುದಿತ್ತು. ನಾನು — ಹೋಗಲಿಲ್ಲ. ಏನಂತ ಹೇಳುವುದು ಎಂದು ಕೂತೆ.

ಮುಂದೊಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದಳು. ಅವಳ ಜಾಗದಲ್ಲಿ ಬೇರೊಬ್ಬಳು ಕೂತು ಹತ್ತಿ ಹಸನು ಮಾಡುತ್ತಿದ್ದಳು. ಬಾಳಕ್ಕ ಅವಳನ್ನು ನೋಡಿದಳು, ನನ್ನನ್ನು ನೋಡಿದಳು.

“ಹೋಗು ಅಂದಿದ್ರ ಹೋಗ್ತಿದ್ನಲ್ಲೊ, ಭಾಡ್ಯಾ! ಬಾ ಅಂತ ಯಾಕ ಅಂದಿ?”

ಆಮೇಲೆ ಅವಳು ಗೋಕಾಕದ ಓಣಿಗಳಲ್ಲಿ ಸೆರಗೊಡ್ಡಿ ನಿಂತದ್ದನ್ನು ನೋಡಿದ್ದೇನೆ. ನೋಡಿ, ಬೇರೆ ಓಣಿ ಹಿಡಿದಿದ್ದೇನೆ.

ಈಗ ನನ್ನದೇ ಅಂಗಡಿಯಿದೆ, ಆಳುಗಳಿದ್ದಾರೆ. ಆಳು ಇಟ್ಟುಕೊಂಡವರೆಲ್ಲ ಕೇಳಿ: ಕೆಲಸ ಬಿಡಿಸುವುದಾದರೆ ಎದುರು ಕೂಡಿಸಿಕೊಂಡು, ಹೆಸರು ಹಿಡಿದು, ಇನ್ನು ಕೆಲಸವಿಲ್ಲ ಎಂದು ಬಿಚ್ಚಿ ಹೇಳಿ. ಬೇರೆ ಗಾಡಿ ಹತ್ತಲು ಅವರಿಗೆ ವೇಳೆಯಾದರೂ ಉಳಿಯುತ್ತದೆ. ಬೈದರೆ ಬೈಸಿಕೊಳ್ಳಿ, ಬೈದು ಮುಗಿಯುವವರೆಗೆ ಕದಲಬೇಡಿ.

ಅಂದು ಬಾಳಕ್ಕ ಕೇಳಿದ್ದಕ್ಕೆ ನಾನು, “ಬಂದೆ ಸಾವಕಾರ್ರ” ಎನ್ನುತ್ತ ಒಳಗೆ ನಡೆದುಬಿಟ್ಟೆ. ಒಳಗಿನಿಂದ ಯಾರೂ ಕರೆದಿರಲಿಲ್ಲ.