ಲೆಂಪಿಯ ಗಾಜಿನ ಬೀರು

ಹೋದ ಸಲ ಲೆಂಪಿ ಕಂಗಾಸ್ ಮನೆಯ ಕಾಫಿ ಕೂಟದಲ್ಲಿ ಚರ್ಚಿನ ಹೆಂಗಸರು ಯಾರೂ ಕೋಟು ಬಿಚ್ಚಲಿಲ್ಲ. ಹೊರಡುವಾಗ ಒಬ್ಬಾಕೆ, "ಇನ್ಮೇಲೆ ಚಳಿಗಾಲ ಪೂರ್ತಿ ಔನೆ ಮನೇಲೇ ಸೇರೋಣ ಕಣ್ರೇ, ಬೆಚ್ಚಗಿರುತ್ತೆ" ಅಂದಳು.

"ಇನ್ನೊಂದು ಸಲ ಇಲ್ಲಿಗೇ ಬನ್ನಿ" ಎಂದಳು ಲೆಂಪಿ. ಆ ಇನ್ನೊಂದು ಸಲ ನಾಳೆಗೆ ಬಂದಿತ್ತು.

ಔನೆ ಅವಳ ತಮ್ಮನ ಹೆಂಡತಿ, ಎದುರುಮನೆಯವಳು. ಅಮೆರಿಕದ ಉತ್ತರ ಮಿನೆಸೋಟಾದ ಈ ಗಣಿಯೂರಿಗೆ ಮದುವೆಯಾಗಿ ಬಂದಾಗ ಏಲಕ್ಕಿ ಬ್ರೆಡ್ಡಿನ ಹಿಟ್ಟು ನಾದಲೂ ಬರುತ್ತಿರಲಿಲ್ಲ. ಕಲಿಸಿದವಳು ಲೆಂಪಿ. ಈಗ ಊರು ಹೊಗಳುವುದು ಔನೆಯ ಬ್ರೆಡ್ಡನ್ನು. ಶರತ್ಕಾಲದಲ್ಲಿ ಔನೆ ಪಿಂಗಾಣಿ ಇಡಲು ಗಾಜಿನ ಬೀರು ತಂದಳು. ಮರುವಾರವೇ ಲೆಂಪಿಯ ಮನೆಗೆ ಅದಕ್ಕಿಂತ ಒಂದು ಗೇಣು ಅಗಲದ್ದು ಬಂತು.

ಚಳಿ ಹಿಡಿದದ್ದು ಆಮೇಲೆ. ಮನೆಗೆಲ್ಲ ಬಿಸಿಗಾಳಿ ಊದುವ ನೆಲಮಾಳಿಗೆಯ ಫರ್ನೇಸ್ ಹೊತ್ತಿಕೊಳ್ಳುತ್ತಿತ್ತು, ಆರುತ್ತಿತ್ತು, ಮತ್ತೆ ಹೊತ್ತಿಕೊಳ್ಳುತ್ತಿತ್ತು. ಲೆಂಪಿ ಫಿಲ್ಟರ್ ಬದಲಿಸಿದಳು, ಗೋಡೆಯ ಗುಂಡಿ ತಿರುಗಿಸಿ ಬಿಸಿ ಏರಿಸಿದಳು. ಕೋಣೆ ಮಾತ್ರ ಕಾಯಲಿಲ್ಲ. ಎದುರುಮನೆಯ ಕಿಟಕಿಯಲ್ಲಿ ಔನೆ ಗಿಡ್ಡ ತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದಳು.

"ಅವಳ ಫರ್ನೇಸೂ ಅವಳು ಹೇಳಿದ ಹಾಗೇ ಕೇಳುತ್ತೆ" ಎಂದು ಲೆಂಪಿ ಗಂಡನ ಹತ್ತಿರ ಗೊಣಗಿದಳು.

ಕೂಟದ ಹಿಂದಿನ ಸಂಜೆ ಔನೆ ಬ್ರೆಡ್ಡಿನ ತಟ್ಟೆ ಹಿಂದಿರುಗಿಸಲು ಬಂದಳು. ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲುಚೀಲದಲ್ಲಿ ಒಳಗೆ ಬಂದು ಬೀರುವಿನ ಮುಂದೆ ನಿಂತಳು.

"ಲೆಂಪಿ, ಇದರ ಹಿಂದೆ ಗೋಡೇಲಿ ದೊಡ್ಡ ಜಾಲರಿ ಇತ್ತಲ್ವಾ?"

"ಇತ್ತು. ಅದರಲ್ಲಿ ಯಾವತ್ತೂ ಬಿಸಿಗಾಳಿ ಬರ್ತಾ ಇರಲಿಲ್ಲ ಬಿಡು."

"ಅದು ಗಾಳಿ ಬರೋಕಲ್ಲ, ಹೋಗೋಕೆ. ಮನೆ ಗಾಳಿ ಅಲ್ಲಿಂದ ಕೆಳಗಿಳಿದು ಕಾದು ಬರಬೇಕು. ದಾರಿ ಮುಚ್ಚಿದ್ರೆ ಫರ್ನೇಸ್‌ಗೆ ಉಸಿರು ಕಟ್ಟುತ್ತೆ. ವಿಪರೀತ ಕಾದು ತಾನೇ ಆರಿಹೋಗುತ್ತೆ." ಔನೆ ದನಿ ತಗ್ಗಿಸಿದಳು. "ನಾನೂ ಹೀಗೇ ಮಾಡಿದ್ದೆ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ನನ್ನದು ಸಣ್ಣದು ನೋಡು, ಸ್ವಲ್ಪ ಸರಿಸಿದೆ, ಸರಿಹೋಯ್ತು."

ಲೆಂಪಿಯದು ಸರಿಯಲಿಲ್ಲ. ಎತ್ತ ನೂಕಿದರೂ ಆ ಒಂದು ಗೇಣು ಜಾಲರಿಗೇ ಅಡ್ಡ. ಕೊನೆಗೆ ಇಬ್ಬರೂ ಸೇರಿ ಅದನ್ನು ಮಲಗುವ ಕೋಣೆಗೆ ತಳ್ಳಿದರು.

ಮರುದಿನ ಹೆಂಗಸರು ಬಂದರು. ಕೋಟುಗಳು ಒಂದೊಂದಾಗಿ ಕಳಚಿದವು, ಹಾಸಿಗೆಯ ಮೇಲೆ ರಾಶಿಯಾದವು. ಬೀರು ಅಲ್ಲಿ ಬಾಗಿಲ ಮರೆಯಲ್ಲಿತ್ತು. ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.

"ಅಬ್ಬಾ ಲೆಂಪಿ, ಥೇಟ್ ಔನೆ ಮನೆ ಥರಾನೇ ಬೆಚ್ಚಗಿದೆ!" ಎಂದಳು ಹೋದ ಸಲದ ಅದೇ ಹೆಂಗಸು. "ಮುಂದಿನ ಸಲಾನೂ ಇಲ್ಲೇ ಆಗಲಿ."

ಔನೆ ತಲೆ ಬಗ್ಗಿಸಿ ಬ್ರೆಡ್ಡು ಮುರಿಯುತ್ತಿದ್ದಳು. ಲೆಂಪಿ ನಗುತ್ತ ಎಲ್ಲರ ಬಟ್ಟಲಿಗೂ ಅಂಚಿನವರೆಗೆ ಕಾಫಿ ಬಗ್ಗಿಸಿದಳು. ಔನೆಯ ಬಟ್ಟಲನ್ನು ಮುಟ್ಟಿದ್ದು ಕೊನೆಗೆ. ಅದನ್ನು ತುಂಬಿಸಿದ್ದು ಮುಕ್ಕಾಲು.