ಅಕ್ಕ ಹೊಡೆದುಹಾಕದ ಸಾಲು

ನಮ್ಮ ಅಕ್ಕ ಡಾಕ್ಟರು. ಹೃದಯಕ್ಕೊಬ್ಬರು, ಮೂಳೆಗೊಬ್ಬರು ಅನ್ನುತ್ತಾರಲ್ಲ, ಆ ಪೈಕಿ ಅಲ್ಲ. ನೆಗಡಿಯಿಂದ ಹಿಡಿದು ಮಂಡಿನೋವಿನ ತನಕ ಬಂದವರನ್ನೆಲ್ಲ ನೋಡುವ ಜನರಲ್ ಫಿಸಿಷಿಯನ್. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ಮೂವತ್ತು ವರ್ಷದಿಂದ ಕೂತಿದ್ದಾಳೆ. ಅಪರೂಪದ ಕಾಯಿಲೆ ಕಣ್ಣಿಗೆ ಬಿದ್ದರೆ ವೈದ್ಯರ ಪತ್ರಿಕೆಗೆ ಎರಡು ಪುಟದ ವರದಿ ಬರೆಯುವುದು ಅವಳ ಚಟ. ಓದುವವರು ಇನ್ನೂರು ಜನ ಇದ್ದರೆ ಹೆಚ್ಚು. ನಾನು ವಾರಕ್ಕೊಂದು ಹಾಸ್ಯ ಲೇಖನ ಬರೆಯುವವನು. ನನ್ನ ಓದುಗರಲ್ಲಿ ಅರ್ಧ ಜನ ಪದಬಂಧ ಹುಡುಕುತ್ತ ದಾರಿ ತಪ್ಪಿ ಬಂದವರು. ಆದರೂ ಬರಹಗಾರ ಎಂಬ ಬಿರುದಿದೆಯಲ್ಲ, ಎಲ್ಲಿ ತೊಡಕಾಗಿದೆ ನೋಡು ಅಂತ ಪ್ರತಿ ವರದಿಯನ್ನೂ ನನ್ನ ಕೈಗೆ ತುರುಕುತ್ತಾಳೆ. ನನಗೆ ಐವತ್ತೆರಡಾದರೂ ಅವಳ ಬಾಯಲ್ಲಿ ನಾನಿನ್ನೂ ಪುಟ್ಟ.

ಈ ಸಲದ ವರದಿ ಪರದೆ ಹೊಲಿಯುವ ಒಬ್ಬ ಹೆಂಗಸಿನದು. ವಯಸ್ಸು ನಲವತ್ತರ ಆಸುಪಾಸು. ಹಿಂಡುವ ಹೊಟ್ಟೆನೋವು, ಮಲಬದ್ಧತೆ, ಬಿಳಿಚಿಕೊಂಡ ಮುಖ. ಅಕ್ಕ ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ಕೊಟ್ಟಳು, ಮಾತ್ರೆ ಬದಲಾಯಿಸಿದಳು, ಸ್ಕ್ಯಾನ್ ಮಾಡಿಸಿದಳು. ಸ್ಕ್ಯಾನಿನಲ್ಲಿ ಎಲ್ಲ ಸರಿಯಾಗಿತ್ತು. ಸರಿಯಿಲ್ಲದಿದ್ದದ್ದು ರೋಗಿ ಮಾತ್ರ. ಕೊನೆಗೊಂದು ಬೆಳಿಗ್ಗೆ, ಬರೆಯಲು ಬೇರೆ ಮಾತ್ರೆ ತೋಚದೆ, ನೀವು ಕೆಲಸ ಹೇಗೆ ಮಾಡ್ತೀರಿ ತೋರಿಸಿ ಅಂದಳಂತೆ. ಆಕೆ ಚೀಲದಿಂದ ಅರ್ಧ ಹೊಲಿದ ಪರದೆ ತೆಗೆದಳು. ಪರದೆ ನೆಟ್ಟಗೆ ಇಳಿಬೀಳಲೆಂದು ಕೆಳಗಿನ ಮಡಿಕೆಯೊಳಗೆ ಬೂದು ಬಣ್ಣದ ಗುಂಡುಗಳನ್ನು ಸೇರಿಸಿ ಹೊಲಿಯುತ್ತಾರೆ. ಅಂಥ ನಾಲ್ಕು ಗುಂಡುಗಳನ್ನು ಆಕೆ ಸಲೀಸಾಗಿ ದವಡೆಗೆ ಒತ್ತರಿಸಿಕೊಂಡಳು. ಎರಡೂ ಕೈ ಬಟ್ಟೆಗೇ ಬೇಕಲ್ಲ, ಗುಂಡಿಗೆ ಬಾಯೇ ಡಬ್ಬಿ.

ಅಕ್ಕ ಕುರ್ಚಿಯಿಂದ ಎದ್ದುಬಿಟ್ಟಳು. ಗುಂಡು ಸೀಸದ್ದು, ಮೈಗೆ ಸೇರಿದರೆ ವಿಷ. ರಕ್ತ ಪರೀಕ್ಷೆಯಲ್ಲೂ ಸೀಸವೇ ಸಿಕ್ಕಿತು. ಗುಂಡು ಬಾಯಿಂದ ಹೊರಗೆ ಬಂತು, ಔಷಧಿ ಒಳಗೆ ಹೋಯಿತು, ಮೂರು ತಿಂಗಳಲ್ಲಿ ಮುಖಕ್ಕೆ ಬಣ್ಣ ಮರಳಿತು.

ನಾನಾಗಿದ್ದರೆ ಇಲ್ಲಿ ತುತ್ತೂರಿ ಊದುತ್ತಿದ್ದೆ. ಅಕ್ಕ ಬರೆದದ್ದು ಹೀಗೆ: ‘ರೋಗಿ ಐದು ಸಲ ಬಂದರೂ ನಾನು ಅವರ ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ.’

ಈ ಸಾಲು ಹೊಡೆದುಹಾಕು ಎಂದೆ. ರೋಗಿ ಕೇಳಿ ಒಪ್ಪಿ ಸಹಿ ಹಾಕದೆ ವರದಿ ಅಚ್ಚಾಗುವುದಿಲ್ಲ. ಇದನ್ನು ಕೇಳಿದ ಮೇಲೆ ಆಕೆ ಸಹಿ ಹಾಕುವುದಿರಲಿ, ನಿನ್ನ ಮೆಟ್ಟಿಲನ್ನೂ ತುಳಿಯಲಿಕ್ಕಿಲ್ಲ, ಬೀದಿ ತುಂಬ ಹೇಳಿಕೊಂಡು ತಿರುಗುತ್ತಾಳೆ ಎಂದು ಹೆದರಿಸಿದೆ. ಅಕ್ಕನಿಗೂ ಹೆದರಿಕೆ ಇತ್ತು. ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸುತ್ತಿದ್ದಳು.

“ಪುಟ್ಟ, ಉಳಿದದ್ದೆಲ್ಲ ಪುಸ್ತಕದಲ್ಲೇ ಇದೆ ಕಣೋ. ಬೇರೆ ಡಾಕ್ಟರಿಗೆ ಉಪಯೋಗಕ್ಕೆ ಬರೋದು ಇದೊಂದೇ ಸಾಲು.”

ಮರುದಿನ ಪರದೆ ಹೊಲಿಯುವಾಕೆ ಬಂದಳು. ಅಕ್ಕ ವರದಿಯನ್ನು ಆಕೆಗೆ ಅರ್ಥವಾಗುವ ಮಾತಿನಲ್ಲಿ ಓದಿ ಹೇಳಿದಳು. ಆ ಸಾಲು ಬಂದಾಗ ದನಿ ತಗ್ಗಿಸಲಿಲ್ಲ. ಆಕೆ ಕೈ ಎತ್ತಿ ನಿಲ್ಲಿಸಿದಳು. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ನಾನು ಬಾಗಿಲಿನ ದೂರ ಅಳೆಯತೊಡಗಿದೆ.

“ಐದಲ್ಲ ಡಾಕ್ಟ್ರಮ್ಮ, ಆರು. ಒಂದ್ಸಲ ನೀವು ಊಟಕ್ಕೆ ಹೊರಟಾಗ ಬಂದಿದ್ದೆ. ನಿಂತ್ಕೊಂಡೇ ಮಾತ್ರೆ ಬರೆದುಕೊಟ್ರಿ.”

ಅಕ್ಕ ಐದನ್ನು ಹೊಡೆದು ಆರು ಎಂದು ಬರೆದಳು. ಒಂದು ಸಬೂಬೂ ಹೇಳಲಿಲ್ಲ. ಇಷ್ಟು ವರ್ಷ ಬರೆದಿದ್ದೇನೆ, ನನ್ನ ವಿರುದ್ಧ ಒಂದು ಅಂಕಿಯನ್ನೂ ನಾನು ಹೀಗೆ ತಿದ್ದಿದವನಲ್ಲ. ಆಕೆ ಸಹಿ ಹಾಕಿದಳು, ಆದರೆ ಪೆನ್ನು ಕೆಳಗಿಡಲಿಲ್ಲ.

“ನಂಗೆ ಹೊಲಿಗೆ ಕಲಿಸಿದ ಟೀಚರಮ್ಮನೂ ಹೀಗೇ ಗುಂಡು ಬಾಯಲ್ಲಿಟ್ಕೊಳ್ಳೋರು. ಅವರನ್ನ ನೋಡೇ ನಾನು ಕಲ್ತಿದ್ದು. ಹೊಟ್ಟೆನೋವು, ಹೊಟ್ಟೆನೋವು ಅಂತಾನೇ ಹೋಗ್ಬಿಟ್ರು. ಅವರನ್ನ ಯಾರೂ ಏನೂ ಕೇಳ್ಲಿಲ್ಲ.”

 

“ಅವರ ಹತ್ರ ಇನ್ನೂ ಯಾರ್ಯಾರು ಕಲಿತರು?” ಎಂದಳು ಅಕ್ಕ.

ಆಕೆ ಹೆಸರು ಹೇಳುತ್ತ ಬೆರಳು ಮಡಚುತ್ತ ಹೋದಳು. ಒಂದು ಕೈ ಮುಗಿದು ಇನ್ನೊಂದು ಕೈ ಶುರುವಾಯಿತು. ಅಕ್ಕ ವರದಿಯನ್ನು ಪಕ್ಕಕ್ಕೆ ಸರಿಸಿ ಹೊಸ ಹಾಳೆ ಎಳೆದುಕೊಂಡು ಆ ಹೆಸರುಗಳನ್ನು ಬರೆಯತೊಡಗಿದಳು. ತಲೆ ಎತ್ತದೆಯೇ, ಕೆಳಗಿನ ಅಂಗಡಿಗೆ ಹೋಗಿ ರಕ್ತ ತೆಗೆಯುವ ಸಿರಿಂಜು ಇರುವಷ್ಟೂ ತಾ ಎಂದು ನನ್ನನ್ನು ಅಟ್ಟಿದಳು. ನಾನು ನೋಯುವ ಮಂಡಿಯ ಅಪ್ಪಣೆ ಕೇಳದೆ ಎರಡೆರಡು ಮೆಟ್ಟಿಲು ಇಳಿದೆ.